ಹೈಬ್ರಿಡ್ ಕಾರು ನೋಡುವ ಮೊದಲು ನಿಮ್ಮ ದಾರಿ ನೋಡಿ

ಮೊನ್ನೆ ಶನಿವಾರ ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ ಲೆಕ್ಕ ಹಾಕಿದೆ. ಲೀಟರಿಗೆ 22.4 ಕಿಲೋಮೀಟರ್ ಬಂತು. ನಮ್ಮದು ಟೊಯೋಟಾ ಹೈರೈಡರ್, ಪೆಟ್ರೋಲ್ ಎಂಜಿನ್ ಜೊತೆ ಕರೆಂಟಿನ ಮೋಟಾರೂ ಇರುವ ಹೈಬ್ರಿಡ್ ಕಾರು. ಮನೆಗೆ ಬಂದು ನಾಲ್ಕು ತಿಂಗಳು, 12 ಸಾವಿರ ಕಿಲೋಮೀಟರ್ ಓಡಿದೆ. ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗಲೂ ಹಾಲಿನ ಲೆಕ್ಕದ ಪುಸ್ತಕದ ಕೊನೆ ಪುಟದಲ್ಲಿ ಬರೆದಿಡುತ್ತೇನೆ. ಇಲ್ಲಿವರೆಗೆ 21ಕ್ಕಿಂತ ಕೆಳಗೆ ಇಳಿದಿಲ್ಲ, 24 ದಾಟಿಲ್ಲ. ಕಂಪನಿ ಹೇಳುವುದು 27.97. ಈ ಎರಡು ಲೆಕ್ಕಗಳ ನಡುವಿನ ಅಂತರದ ಬಗ್ಗೆಯೇ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ನಮ್ಮ ಚಿಕ್ಕಬಳ್ಳಾಪುರದಲ್ಲಿ ಈಗ ತುಂಬಾ ಜನ ನನ್ನನ್ನು ಕೇಳುತ್ತಿದ್ದಾರೆ, "ಹೈಬ್ರಿಡ್ ತಗೋಬಹುದಾ ಮೇಡಂ?" ಅಂತ. ನಾನು ತಿರುಗಿ ಕೇಳುವುದು ಒಂದೇ. ನೀವು ದಿನಾ ಎಲ್ಲಿಂದ ಎಲ್ಲಿಗೆ ಹೋಗುತ್ತೀರಿ? ಎಷ್ಟು ಕಿಲೋಮೀಟರ್? ಅದರಲ್ಲಿ ಜಾಮ್ ಎಷ್ಟು ದೂರ? ಇದನ್ನು ಹೇಳದೆ ಕಾರಿನ ಹೆಸರು ಕೇಳಿದರೆ ಉತ್ತರ ಕೊಡಲು ಆಗುವುದಿಲ್ಲ.

ನನ್ನ ದಾರಿ ಹೇಳುತ್ತೇನೆ. ಬೆಳಗ್ಗೆ ಆರೂಮುಕ್ಕಾಲಿಗೆ ಊರು ಬಿಡುತ್ತೇನೆ. ಹೈವೇಗೆ ಬಿದ್ದರೆ ದೇವನಹಳ್ಳಿ, ಸಾದಹಳ್ಳಿ ಟೋಲ್, ಯಲಹಂಕದವರೆಗೆ ಆರಾಮಾಗಿ ಹೋಗಬಹುದು. ಆಮೇಲೆ ಹೆಬ್ಬಾಳ. ಅಲ್ಲಿಂದ ಮೇಖ್ರಿ ಸರ್ಕಲ್ ಕಡೆಗೆ ಹೋಗುವಷ್ಟರಲ್ಲಿ ಕೆಲವು ದಿನ ನಡೆದುಕೊಂಡು ಹೋಗುವವರೇ ನಮಗಿಂತ ಮುಂದೆ ಇರುತ್ತಾರೆ. ಹೋಗಿ ಬರುವುದು ಸುಮಾರು 115 ಕಿಲೋಮೀಟರ್. ವಾರದ ಕೊನೆಯಲ್ಲಿ ಶಿಡ್ಲಘಟ್ಟದ ಕಡೆ ಅಮ್ಮನ ಊರು, ಅಮ್ಮನ ಆಸ್ಪತ್ರೆ ಓಡಾಟ. ಎಲ್ಲ ಸೇರಿ ತಿಂಗಳಿಗೆ 3,000. ಇಬ್ಬರು ಸಹೋದ್ಯೋಗಿಗಳು ಜೊತೆಗೆ ಬರುತ್ತಾರೆ, ಪೆಟ್ರೋಲ್ ಖರ್ಚು ಹಂಚಿಕೊಳ್ಳುತ್ತೇವೆ.

ಮೊದಲು ಎಲೆಕ್ಟ್ರಿಕ್ ಕಾರಿನ ವಿಷಯ ಹೇಳಿಬಿಡುತ್ತೇನೆ. ದಿನಾ ಒಂದೇ ದಾರಿ, 115 ಕಿಲೋಮೀಟರ್, ರಾತ್ರಿಯೆಲ್ಲ ಕಾರು ಸುಮ್ಮನೆ ನಿಂತಿರುತ್ತದೆ. ಇಂಥವರಿಗೆ ಎಲೆಕ್ಟ್ರಿಕ್ ಕಾರೇ ಸರಿ. ನನಗೆ ಇದರಲ್ಲಿ ಅನುಮಾನವೇ ಇಲ್ಲ. ಕ್ರೆಟಾ ಎಲೆಕ್ಟ್ರಿಕ್‌ನ ಚಿಕ್ಕ ಬ್ಯಾಟರಿ 42 ಯೂನಿಟ್ ಹಿಡಿಯುತ್ತದೆ, 2025ರ ಆರಂಭದಲ್ಲಿ ಬಂದಾಗ ಕಂಪನಿ ಲೆಕ್ಕದಲ್ಲಿ 390 ಕಿಲೋಮೀಟರ್ ಇತ್ತು. ಅದರಲ್ಲಿ ಮೂರನೇ ಒಂದು ಭಾಗ ಕಳೆದರೂ ನನಗೆ ಎರಡು ದಿನಕ್ಕೆ ಸಾಕು. ಆದರೆ ನಾವು ಇರುವುದು ಬಾಡಿಗೆ ಮನೆಯಲ್ಲಿ, ಮೊದಲನೇ ಮಹಡಿ. ಬೀದಿ ಕಿರಿದು. ಕಾರು ನಿಲ್ಲಿಸುವುದು ಮನೆಯಿಂದ ಎರಡು ತಿರುವು ಆಚೆ, ಒಂದು ಖಾಲಿ ಸೈಟಿನಲ್ಲಿ. ಅಲ್ಲಿಗೆ ವೈರ್ ಎಳೆಯಲು ಆಗುವುದಿಲ್ಲ. ಮನೆ ಓನರ್ ಹತ್ತಿರ ಮಾತಾಡಿದ್ದೂ ಆಯಿತು, ಅವರು ಒಪ್ಪಲಿಲ್ಲ. ವಾರಕ್ಕೆ ಮೂರು ಸಲ ಹೈವೇ ಚಾರ್ಜರ್ ಹತ್ತಿರ ಕಾದು ಕೂರುವುದು ನನ್ನಿಂದ ಆಗದು. ಸ್ವಂತ ಮನೆ, ಗೇಟಿನ ಒಳಗೆ ಜಾಗ ಇರುವವರು ಈ ಬರಹವನ್ನು ಇಲ್ಲಿಗೇ ಬಿಟ್ಟು ಎಲೆಕ್ಟ್ರಿಕ್ ಕಾರುಗಳನ್ನೇ ನೋಡಿ. ಮನಸ್ಸಿಟ್ಟು ಹೇಳುತ್ತಿದ್ದೇನೆ.

ಹೈಬ್ರಿಡ್ ಅಂತ ಬರೆದಿರುವುದೆಲ್ಲ ಒಂದೇ ಅಲ್ಲ. ನಮ್ಮ ಬೀದಿಯಲ್ಲೇ ಒಬ್ಬರು ಮೈಲ್ಡ್ ಹೈಬ್ರಿಡ್ ತಗೊಂಡು, "ನಿಮಗೆ 22 ಬರುತ್ತೆ, ನಮಗೆ ಯಾಕೆ 15?" ಅಂತ ಬೇಜಾರು ಮಾಡಿಕೊಂಡಿದ್ದರು. ಮೈಲ್ಡ್ ಹೈಬ್ರಿಡ್‌ನಲ್ಲಿ ಇರುವ ಮೋಟಾರು ಬಹಳ ಸಣ್ಣದು. ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಮಾಡಿ ಆನ್ ಮಾಡುತ್ತದೆ, ಹೊರಡುವಾಗ ಚೂರು ತಳ್ಳುತ್ತದೆ. ಅಷ್ಟೇ. ಅದೊಂದೇ ಕಾರನ್ನು ಒಂದು ಅಡಿಯೂ ಎಳೆಯುವುದಿಲ್ಲ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಮೋಟಾರೇ ಕಾರನ್ನು ಎಳೆಯಬಲ್ಲದು. ಹೈರೈಡರ್, ಮಾರುತಿಯ ಗ್ರ್ಯಾಂಡ್ ವಿಟಾರಾ ಎರಡರಲ್ಲೂ ಎರಡು ಬಗೆಯೂ ಇವೆ. ಹೊರಗಿನಿಂದ ನೋಡಿದರೆ ಹೆಚ್ಚು ಕಡಿಮೆ ಒಂದೇ ಥರ. ಬುಕ್ ಮಾಡುವಾಗ "ಸ್ಟ್ರಾಂಗ್" ಅಂತ ಬಾಯಿಬಿಟ್ಟು ಕೇಳಿ, ಬಿಲ್‌ನಲ್ಲಿ ನೋಡಿ.

ಇದು ಕೆಲಸ ಮಾಡುವ ರೀತಿ ಅರ್ಥವಾದಾಗ ನನಗೆ ತುಂಬಾ ಖುಷಿಯಾಯಿತು. ಹಳೇ ಸೈಕಲ್‌ಗೆ ಡೈನಮೋ ಇರುತ್ತಿತ್ತು, ನೆನಪಿದೆಯಾ? ಚಕ್ರಕ್ಕೆ ತಾಗಿಸಿದ ತಕ್ಷಣ ಪೆಡಲ್ ಭಾರವಾಗುತ್ತಿತ್ತು. ನಮ್ಮ ಕಾಲಿನ ಶಕ್ತಿ ಬೆಳಕಾಗುತ್ತಿತ್ತು. ಈ ಕಾರಿನಲ್ಲಿ ಬ್ರೇಕ್ ಒತ್ತಿದಾಗ ಆಗುವುದೂ ಅದೇ. ಮೋಟಾರು ಡೈನಮೋ ಆಗುತ್ತದೆ, ಆ ಭಾರಕ್ಕೇ ಕಾರು ನಿಧಾನವಾಗುತ್ತದೆ, ಕರೆಂಟು ಬ್ಯಾಟರಿಗೆ ಹೋಗುತ್ತದೆ. ಬೇರೆ ಕಾರುಗಳಲ್ಲಿ ಆ ಶಕ್ತಿ ಬ್ರೇಕ್ ಪ್ಯಾಡ್ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೆಬ್ಬಾಳದಲ್ಲಿ ನೂರು ಸಲ ಬ್ರೇಕ್ ಒತ್ತಿದರೆ ನೂರು ಸಲವೂ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತದೆ. ಚಾರ್ಜ್ ಮಾಡಲು ಪ್ಲಗ್ ಇಲ್ಲ, ಬೇಕಾಗಿಯೂ ಇಲ್ಲ. ಬ್ಯಾಟರಿ ಇರುವುದೇ 0.76 ಯೂನಿಟ್, ಅಂದರೆ ಒಂದು ಯೂನಿಟ್ ಕರೆಂಟೂ ಅದರಲ್ಲಿ ಹಿಡಿಯುವುದಿಲ್ಲ.

ಬ್ಯಾಟರಿ ಎಷ್ಟು ಚಿಕ್ಕದು ಅನ್ನುವುದು ನಂದಿ ಬೆಟ್ಟದಲ್ಲಿ ಗೊತ್ತಾಗುತ್ತದೆ. ನಾಲ್ಕು ಜನ ಕೂತು ಹತ್ತಿದೆವು. ಬ್ಯಾಟರಿಯ ಗೀಟುಗಳು ಬೇಗ ಇಳಿದವು. ಆಮೇಲೆ ಎಂಜಿನ್ ಒಂದೇ ಸಮನೆ ಕೂಗತೊಡಗಿತು. ಮೂರು ಸಿಲಿಂಡರ್ ಎಂಜಿನ್, 92 ಕುದುರೆ ಶಕ್ತಿ. ಮೋಟಾರೂ ಸೇರಿದರೆ 116. ಕಾರು ಹತ್ತುತ್ತದೆ, ಆದರೆ ಆ ಸದ್ದು ಹಿತವಾಗಿಲ್ಲ. ಇಳಿಯುವಾಗ ಕೆಲವೇ ತಿರುವುಗಳಲ್ಲಿ ಬ್ಯಾಟರಿ ತುಂಬಿಹೋಯಿತು. ತುಂಬಿದ ಮೇಲೆ ಇಳಿಜಾರಿನ ಶಕ್ತಿ ಇಟ್ಟುಕೊಳ್ಳಲು ಅದಕ್ಕೆ ಜಾಗವಿಲ್ಲ. ಗೇರ್ ಲಿವರನ್ನು ಬಿ ಗೆ ಹಾಕಿದರೆ ಎಂಜಿನ್ ಹಿಡಿತದಿಂದ ಕಾರು ತಡೆದುಕೊಂಡು ಇಳಿಯುತ್ತದೆ. 1,478 ಮೀಟರ್ ಎತ್ತರದ ಬೆಟ್ಟ ಪಕ್ಕದಲ್ಲೇ ಇರುವ ನಮ್ಮೂರಿನವರು ಈ ಬಿ ಅನ್ನು ಮೊದಲ ದಿನವೇ ಕಲಿತುಕೊಳ್ಳಬೇಕು. ಡೆಲಿವರಿ ಕೊಟ್ಟವರು ನಮಗೆ ಅದನ್ನು ಹೇಳಿಕೊಡಲಿಲ್ಲ.

ಈಗ ದುಡ್ಡಿನ ವಿಷಯ. ನಾನು ತಗೊಂಡದ್ದು ಹೈರೈಡರ್‌ನ ಸ್ಟ್ರಾಂಗ್ ಹೈಬ್ರಿಡ್, ಎಲ್ಲಕ್ಕಿಂತ ಕೆಳಗಿನ ಮಾಡೆಲ್. ಸನ್‌ರೂಫ್ ಇಲ್ಲ. ಶೋರೂಂ ಬೆಲೆ ಹದಿನಾರೂವರೆ ಲಕ್ಷದ ಆಸುಪಾಸು. ಅದೇ ಕಾರಿನ ಮೈಲ್ಡ್ ಹೈಬ್ರಿಡ್ ಆಟೋಮ್ಯಾಟಿಕ್‌ಗಿಂತ ಸುಮಾರು ಮೂರು ಲಕ್ಷ ಜಾಸ್ತಿ. ತೆರಿಗೆ ಸೇರಿದರೆ ಆ ವ್ಯತ್ಯಾಸ ಮೂರೂವರೆ ಲಕ್ಷ. ನನ್ನ ಓಟ ವರ್ಷಕ್ಕೆ 36 ಸಾವಿರ ಕಿಲೋಮೀಟರ್. ಲೀಟರಿಗೆ 15 ಕೊಡುವ ಕಾರಿಗೆ 2,400 ಲೀಟರ್ ಬೇಕು. 22 ಕೊಡುವ ಕಾರಿಗೆ 1,636 ಲೀಟರ್ ಸಾಕು. ಪೆಟ್ರೋಲ್ 103 ರೂಪಾಯಿ ಅಂತ ಹಿಡಿದರೆ ವರ್ಷಕ್ಕೆ 78 ಸಾವಿರ ಚಿಲ್ಲರೆ ಉಳಿತಾಯ. ನಾಲ್ಕೂವರೆ ವರ್ಷಕ್ಕೆ ಹಾಕಿದ ದುಡ್ಡು ವಾಪಸ್. ಇದೇ ಲೆಕ್ಕವನ್ನು ವರ್ಷಕ್ಕೆ 10 ಸಾವಿರ ಓಡಿಸುವವರಿಗೆ ಹಾಕಿ ನೋಡಿ. ಉಳಿಯುವುದು 22 ಸಾವಿರದಷ್ಟು. ಹದಿನಾರು ವರ್ಷ ಬೇಕು! ಬಿಬಿ ರಸ್ತೆಯಲ್ಲಿ ತರಕಾರಿಗೆ, ಭಾನುವಾರ ಭೋಗನಂದೀಶ್ವರ ದೇವಸ್ಥಾನಕ್ಕೆ ಅಂತ ಓಡಿಸುವವರು ಮೈಲೇಜ್ ಆಸೆಗೆ ಹೈಬ್ರಿಡ್ ತಗೊಳ್ಳಲೇಬೇಡಿ. ಇನ್ನೊಂದು ಮಾತು, ಹೈಬ್ರಿಡ್‌ನಲ್ಲೂ ಮಾಮೂಲಿ 12 ವೋಲ್ಟ್ ಬ್ಯಾಟರಿ ಒಂದು ಇರುತ್ತದೆ. ವಾರಗಟ್ಟಲೆ ನಿಲ್ಲಿಸಿದರೆ ಅದು ಇಳಿದುಹೋಗಬಹುದು. ತಳ್ಳಿ ಸ್ಟಾರ್ಟ್ ಮಾಡುವ ಕಾರಲ್ಲ ಇದು.

ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ. ಎಲ್ಲರೂ 8 ವರ್ಷ ಅನ್ನುವುದನ್ನೇ ಓದುತ್ತಾರೆ. ನನ್ನ ಓಟಕ್ಕೆ ಆ ಕಿಲೋಮೀಟರ್ ನಾಲ್ಕೂವರೆ ವರ್ಷದೊಳಗೇ ಮುಗಿಯುತ್ತದೆ. ಅಂದರೆ ದುಡ್ಡು ವಾಪಸ್ ಬರುವ ಹೊತ್ತಿಗೇ ವಾರಂಟಿಯೂ ಮುಗಿಯುತ್ತದೆ. ಇದನ್ನು ಗೊತ್ತಿದ್ದೇ ತಗೊಂಡೆ. ಧೈರ್ಯ ಕೊಟ್ಟದ್ದು ಟೊಯೋಟಾದ ಹಳೇ ಪ್ರಿಯಸ್ ಹೈಬ್ರಿಡ್ ಕಾರುಗಳು. 1997ರಲ್ಲಿ ಜಪಾನಿನಲ್ಲಿ ಶುರುವಾದ ಕಾರು ಅದು, ಎಷ್ಟೋ ದೇಶಗಳಲ್ಲಿ ಟ್ಯಾಕ್ಸಿಯಾಗಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದೆ. ಅದೇ ದಾರಿಯ ತಂತ್ರಜ್ಞಾನವೇ ಇದು. ಬೆಲ್ಟ್ ಇಲ್ಲ, ಕ್ಲಚ್ ಇಲ್ಲ, ಬೇರೆ ಸ್ಟಾರ್ಟರ್ ಇಲ್ಲ. ಸವೆಯುವ ಸಾಮಾನು ಕಡಿಮೆ.

ಬೇರೆ ಕಾರುಗಳನ್ನೂ ನೋಡದೆ ಬಿಡಲಿಲ್ಲ. ಓಡಿಸಲು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೋಂಡಾ ಸಿಟಿ ಹೈಬ್ರಿಡ್. ಮನಸ್ಸು ಅಲ್ಲೇ ನಿಂತುಬಿಟ್ಟಿತ್ತು. ನಾಲ್ಕು ಸಿಲಿಂಡರ್, ಸದ್ದು ಕಡಿಮೆ. ಊರೊಳಗೆ ಎಂಜಿನ್ ಬರೀ ಕರೆಂಟು ತಯಾರು ಮಾಡುತ್ತದೆ, ಚಕ್ರ ತಿರುಗಿಸುವುದು ಮೋಟಾರು. ಹೈವೇಯಲ್ಲಿ ಎಂಜಿನ್ ನೇರವಾಗಿ ಚಕ್ರಕ್ಕೆ ಸೇರಿಕೊಳ್ಳುತ್ತದೆ. ಆಕ್ಸಿಲರೇಟರ್ ಒತ್ತಿದರೆ ಹಿಂದಿನಿಂದ ಯಾರೋ ಮೃದುವಾಗಿ ನೂಕಿದ ಹಾಗೆ. ಬೆಲೆ ಇಪ್ಪತ್ತು ಲಕ್ಷದ ಹತ್ತಿರ. ಆದರೆ ಅಮ್ಮನಿಗೆ ಎರಡೂ ಮಂಡಿ ನೋವು. ಟೆಸ್ಟ್ ಡ್ರೈವ್‌ಗೆ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಸಿಟಿ ಕಾರಿನಲ್ಲಿ ಕೂತರು, ಏಳಲು ಆಗಲಿಲ್ಲ. ನಾನು ಕೈ ಹಿಡಿದು ಎಬ್ಬಿಸಬೇಕಾಯಿತು. "ಚೆನ್ನಾಗೈತೆ ಕಣಮ್ಮ, ಆದ್ರೆ ಬಾವಿಗೆ ಇಳ್ದಂಗೆ ಆಯ್ತದೆ" ಅಂದರು. ಅಲ್ಲಿಗೆ ಆ ಕಾರಿನ ವಿಷಯ ಮುಗಿಯಿತು. ಹೈರೈಡರ್ ಸೀಟಿಗೆ ಅಮ್ಮ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ, ಪಕ್ಕಕ್ಕೆ ಸರಿದು ಕೂರುತ್ತಾರೆ ಅಷ್ಟೇ. ಯಾವ ವಿಡಿಯೋ ನೋಡಿದರೂ ಇದು ಗೊತ್ತಾಗುವುದಿಲ್ಲ. ಮನೆಯ ಹಿರಿಯರನ್ನು ಶೋರೂಂಗೆ ಕರೆದುಕೊಂಡು ಹೋಗಿ, ಎಲ್ಲ ಬಾಗಿಲಿನಿಂದಲೂ ಹತ್ತಿಸಿ ಇಳಿಸಿ ನೋಡಿ.

ಗ್ರ್ಯಾಂಡ್ ವಿಟಾರಾ ಇದರ ಅಣ್ಣ ತಮ್ಮನೇ. ಅದೇ ಎಂಜಿನ್, ಅದೇ ಮೋಟಾರು. ಯಾರು ಬೇಗ ಕೊಡುತ್ತಾರೆ, ಯಾರ ಸರ್ವಿಸ್ ನಿಮ್ಮ ದಾರಿಯಲ್ಲಿದೆ ಅಂತ ನೋಡಿ ಆರಿಸಿಕೊಳ್ಳಬಹುದು. ಮಾರುತಿಯ ವಿಕ್ಟೋರಿಸ್ ನಾವು ಬುಕ್ ಮಾಡುವ ಹೊತ್ತಿಗೆ, 2025ರ ಸೆಪ್ಟೆಂಬರ್‌ನಲ್ಲಿ, ಆಗಷ್ಟೇ ಬಂದಿತ್ತು. ಅದರಲ್ಲೂ ಇದೇ ಹೈಬ್ರಿಡ್, ಕಂಪನಿ ಮೈಲೇಜ್ 28.65. ಭಾರತ್ ಎನ್‌ಕ್ಯಾಪ್ ಅನ್ನುವ ಅಪಘಾತ ಸುರಕ್ಷತೆಯ ಪರೀಕ್ಷೆಯಲ್ಲಿ 5 ಸ್ಟಾರ್ ಬಂದಿದೆ. ನಮಗೆ ಕಾಯುವಷ್ಟು ಸಮಯ ಇರಲಿಲ್ಲ, ಹಳೇ ಕಾರು ಕೈಕೊಟ್ಟಿತ್ತು. ಇವತ್ತು ಹೊಸದಾಗಿ ಹುಡುಕುವವರು ಮೊದಲು ಅದನ್ನು ನೋಡಿ ಅಂತಲೇ ಹೇಳುತ್ತೇನೆ.

ಡೀಸೆಲ್ ಸತ್ತಿಲ್ಲ. ಚಿಂತಾಮಣಿಯಲ್ಲಿ ನಮ್ಮ ದೊಡ್ಡಪ್ಪನ ಮಗ ಟೊಮೆಟೊ ವ್ಯಾಪಾರ ಮಾಡುತ್ತಾನೆ. ಮದನಪಲ್ಲಿ, ಹೈದರಾಬಾದ್ ಅಂತ ಸದಾ ಹೈವೇಯಲ್ಲೇ ಇರುತ್ತಾನೆ. ಅವನು "ಅಕ್ಕ, ನಂಗೂ ಇದೇ ತಗೊಳ್ಳಾ?" ಅಂದಾಗ ಬೇಡ ಅಂದೆ. ನನ್ನ ಕಾರು 80ರಲ್ಲಿ ಹೋದರೆ 23 ಕೊಡುತ್ತದೆ, ಹೆಬ್ಬಾಳದ ಜಾಮಿನಲ್ಲಿ 25 ದಾಟುತ್ತದೆ. 110ಕ್ಕೆ ಏರಿಸಿದರೆ 19ಕ್ಕೆ ಬೀಳುತ್ತದೆ. ಬ್ರೇಕೇ ಒತ್ತದೆ ಓಡುವ ಕಡೆ ವಾಪಸ್ ಬರುವುದಕ್ಕೆ ಏನಿರುತ್ತದೆ? ಅವನು ಕ್ರೆಟಾ ಡೀಸೆಲ್ ತಗೊಂಡ. ಅವನಿಗೆ ಅದೇ ಸರಿ. ಊರೊಳಗೆ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಮಾತ್ರ ಈಗಿನ ಡೀಸೆಲ್ ಬೇಡ. ಹೊಗೆಕೊಳವೆಯ ಫಿಲ್ಟರಿನಲ್ಲಿ ಮಸಿ ಕಟ್ಟಿಕೊಳ್ಳುತ್ತದೆ, ಅದು ಸುಟ್ಟುಹೋಗಲು ಹೈವೇ ಓಟವೇ ಬೇಕು.

ನನಗೆ ನಿಜಕ್ಕೂ ಸಿಟ್ಟು ಬರುವುದು ತೆರಿಗೆ ವಿಷಯದಲ್ಲಿ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ 5 ಪರ್ಸೆಂಟ್. ನನ್ನ ಕಾರಿಗೆ ಮೊದಲು ಸೆಸ್ ಸೇರಿ 43 ಇತ್ತು, 2025ರ ಸೆಪ್ಟೆಂಬರ್ 22ರಿಂದ 40. ಇದೇ ಅಳತೆಯ ಬರೀ ಪೆಟ್ರೋಲ್ ಕಾರಿಗೂ ಈಗ 40. ಪೆಟ್ರೋಲ್ ಉಳಿಸುವ ಕಾರಿಗೂ ಕುಡಿಯುವ ಕಾರಿಗೂ ಒಂದೇ ತೆರಿಗೆ ಅಂದರೆ ಹೇಗೆ? ಅದರ ಮೇಲೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್. ಹತ್ತರಿಂದ ಇಪ್ಪತ್ತು ಲಕ್ಷದ ಕಾರಿಗೆ 17 ಪರ್ಸೆಂಟ್, ಮೇಲೆ ಸೆಸ್. ನನಗೆ ಮೂರು ಲಕ್ಷ ಅದಕ್ಕೇ ಹೋಯಿತು. ಉತ್ತರ ಪ್ರದೇಶದವರು 2024ರ ಜುಲೈನಲ್ಲೇ ಸ್ಟ್ರಾಂಗ್ ಹೈಬ್ರಿಡ್‌ಗಳಿಗೆ ನೋಂದಣಿ ತೆರಿಗೆ ಮನ್ನಾ ಮಾಡಿದರು. ಹೈರೈಡರ್ ತಯಾರಾಗುವುದು ನಮ್ಮ ಬಿಡದಿಯಲ್ಲಿ. ಇಲ್ಲೇ ಹುಟ್ಟಿದ ಕಾರಿಗೆ ಇಲ್ಲಿನವರೇ ಪೂರ್ತಿ ತೆರಿಗೆ ಕಟ್ಟುತ್ತಿದ್ದೇವೆ. ಪೂರ್ತಿ ಬಿಡಿ ಅಂತ ನಾನು ಕೇಳುತ್ತಿಲ್ಲ. ಅರ್ಧ ಕಡಿಮೆ ಮಾಡಿದರೂ ನನ್ನ ಹಾಗೆ ಚಾರ್ಜರ್ ಹಾಕಿಸಲು ಜಾಗವಿಲ್ಲದವರಿಗೆ ದೊಡ್ಡ ಸಹಾಯ.

ಶೋರೂಂನವರ ಹತ್ತಿರ ಒಂದು ವಿಷಯಕ್ಕೆ ಜಗಳವೂ ಆಯಿತು. ಇನ್ಶೂರೆನ್ಸ್ ಅವರ ಹತ್ತಿರವೇ ಮಾಡಿಸಬೇಕು ಅಂತ ಹಟ ಹಿಡಿದರು. ಹೊರಗೆ ವಿಚಾರಿಸಿದರೆ ಹದಿನೆಂಟು ಸಾವಿರ ಕಡಿಮೆ. ಎರಡು ದಿನ ಸುಮ್ನಿದ್ದೆ, ಅವರೇ ಫೋನ್ ಮಾಡಿ ಒಪ್ಪಿದರು. ನೀವೂ ಹೊರಗೆ ಒಂದು ಸಲ ಕೇಳಿ.

ಇನ್ನು ಡಿಕ್ಕಿ. ಬ್ಯಾಟರಿ ಅಲ್ಲೇ ಕೂತಿರುವುದರಿಂದ ಹೈರೈಡರ್ ಹೈಬ್ರಿಡ್‌ನಲ್ಲಿ 255 ಲೀಟರ್ ಮಾತ್ರ ಜಾಗ. ಶೋರೂಂನಲ್ಲಿ ಇದು ದೊಡ್ಡ ತೊಂದರೆ ಅನ್ನಿಸಲಿಲ್ಲ. ಮೊದಲ ಸಲ ಅಮ್ಮನ ಊರಿಂದ ವಾಪಸ್ ಬರುವಾಗ ಗೊತ್ತಾಯಿತು. ಒಂದು ಮೂಟೆ ರಾಗಿ, ಹುಣಸೆಹಣ್ಣಿನ ಚೀಲ, ಒಂದು ಗೊನೆ ಬಾಳೆಹಣ್ಣು, ಅಮ್ಮನ ವಾಕರ್. ರಾಗಿ ಮೂಟೆ ಮಲಗಿಸಿದರೆ ವಾಕರ್ ಹಿಡಿಯುವುದಿಲ್ಲ. ಕೊನೆಗೆ ಹಿಂದಿನ ಸೀಟಿನ ಒಂದು ಭಾಗ ಮಡಿಸಿ, ಮಗ ಬಾಳೆಗೊನೆ ತೊಡೆ ಮೇಲೆ ಇಟ್ಟುಕೊಂಡು ಬಂದ. ಹಳ್ಳಿ ಸಂಬಂಧ ಇಟ್ಟುಕೊಂಡಿರುವ ಮನೆಗಳಿಗೆ ಇದು ಸಣ್ಣ ತೊಂದರೆಯಲ್ಲ. ಈಗ ರಾಗಿಯನ್ನು ಎರಡು ಅರ್ಧ ಮೂಟೆ ಮಾಡಿಸಿ ತರುತ್ತೇವೆ. ಹಾಗೆ ಮಾಡಿದರೆ ವಾಕರ್ ಕೂಡ ಹಿಡಿಯುತ್ತದೆ.

ನಮ್ಮ ಊರಿನವರು ಯಾರಾದರೂ ತಗೊಳ್ಳುವ ಯೋಚನೆಯಲ್ಲಿದ್ದರೆ ಭಾನುವಾರ ಬೆಳಗ್ಗೆ ಬನ್ನಿ, ಮನೆಯಲ್ಲೇ ಇರುತ್ತೇನೆ. ಮೈಲೇಜ್ ಬರೆದಿಟ್ಟ ಪುಸ್ತಕ ತೋರಿಸುತ್ತೇನೆ. ಜೊತೆಗೆ ನಿಮ್ಮ ಅಪ್ಪ ಅಮ್ಮನನ್ನೂ ಕರೆದುಕೊಂಡು ಬನ್ನಿ, ಕೂತು ಎದ್ದು ನೋಡಲಿ.