ಒಂದು ಗಂಟೆ ಯಾಕೆ, ಮೆಡಿಕಲ್ ಅಣ್ಣ ಇದ್ದಾನಲ್ಲ

ಕಫದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ, ಅದು ಯಾವ ಆ್ಯಂಟಿಬಯಾಟಿಕ್‌ಗೆ ಬಗ್ಗುವುದಿಲ್ಲ ಎಂದು ಸುಮಾರು ಒಂದು ಗಂಟೆಯಲ್ಲಿ ಹೇಳುವ ಯಂತ್ರ ಬಂದಿದೆ. ಹಳೆಯ ಕಲ್ಚರ್ ಪರೀಕ್ಷೆಗೆ ಎರಡು ಮೂರು ದಿನ ಬೇಕು, ಬ್ಯಾಕ್ಟೀರಿಯಾ ಬೆಳೆಯುವವರೆಗೂ ಕಾಯಬೇಕು. ಇದು ನೇರವಾಗಿ ಬ್ಯಾಕ್ಟೀರಿಯಾ, ವೈರಸ್‌ಗಳ ಜೀನನ್ನೇ ಹುಡುಕುತ್ತದೆ. ಒಳ್ಳೆಯದೇ. ಆದರೆ ನಮ್ಮ ಬೀದಿಯ ಮೆಡಿಕಲ್ ಅಣ್ಣನ ಮುಂದೆ ಈ ಯಂತ್ರ ತೀರಾ ನಿಧಾನ.

ಅಣ್ಣನಿಗೆ ಸ್ಯಾಂಪಲ್ಲೂ ಬೇಡ. "ಅಣ್ಣಾ, ನಿನ್ನೆಯಿಂದ ಕೆಮ್ಮು" ಅಂದರೆ ಸಾಕು. ಮೊಬೈಲಿನಿಂದ ತಲೆ ಎತ್ತದೆ ಕೇಳುತ್ತಾನೆ, "ಕಫ ಹಳದಿನಾ, ಬಿಳಿನಾ?" ಹಳದಿ ಅಂದರೆ ಸೆಫಿಕ್ಸಿಮ್ ಎಂಬ ಆ್ಯಂಟಿಬಯಾಟಿಕ್. ಬಿಳಿ ಅಂದರೂ ಸೆಫಿಕ್ಸಿಮ್, ಜೊತೆಗೊಂದು ಗ್ಯಾಸ್ ಮಾತ್ರೆ.

"ಐದು ದಿನದ ಕೋರ್ಸ್ ಕೊಡ್ಲಾ?"

"ಅಷ್ಟೆಲ್ಲ ಬೇಡ. ಸದ್ಯಕ್ಕೆ ಎರಡು ಕೊಡು. ಕಮ್ಮಿ ಆಗದಿದ್ರೆ ಬರ್ತೀನಿ."

ಔಷಧಿಗೆ ಬಗ್ಗದಿರುವುದನ್ನು ಕಲಿಯಲು ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಅಗ್ಗದ ಟ್ಯೂಷನ್ ಎಲ್ಲಿ ಸಿಗುತ್ತದೆ ಹೇಳಿ.

ಕಾನೂನು ಇಲ್ಲವೇ? ಇದೆ. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್-1 ಎಂಬ ಔಷಧಿಗಳ ಪಟ್ಟಿ ಜಾರಿಯಲ್ಲಿದೆ, ಅದರಲ್ಲಿ ಸೆಫಿಕ್ಸಿಮ್ ಕೂಡ ಇದೆ. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟಿದ್ದು ಎಲ್ಲವನ್ನೂ ಬೇರೆಯದೇ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಅಣ್ಣನ ಬಳಿ ರಿಜಿಸ್ಟರ್ ಇದೆ. ಅದರ ಮೇಲೆ ಟೀ ಲೋಟವೂ ಇದೆ. 2016ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಪ್ರಚಾರ ಶುರು ಮಾಡಿತು. ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರನ್ನು ಕೇಳದೆ ನುಂಗಬೇಡಿ ಅಂತ. ಎರಡೇ ಮಾತ್ರೆ ಕತ್ತರಿಸಿ ಕೊಡುವಾಗ ಅಣ್ಣನ ಕತ್ತರಿ ಆ ಗೆರೆಯನ್ನೂ ನೀಟಾಗಿ ದಾಟುತ್ತದೆ.

ಯಂತ್ರ ಹುಡುಕುವ ಜೀನ್‌ಗಳಲ್ಲಿ ಎನ್‌ಡಿಎಂ ಅಂತ ಒಂದಿದೆ. ಮೆರೊಪೆನೆಮ್‌ನಂಥ ದುಬಾರಿ ಆ್ಯಂಟಿಬಯಾಟಿಕ್ಕನ್ನು, ಅಂದರೆ ಕೊನೆಯ ಅಸ್ತ್ರವನ್ನೇ ಮುರಿದು ಹಾಕುವ ಭೂಪ. ಅದರಲ್ಲಿ ಎನ್‌ಡಿ ಅಂದರೆ ನ್ಯೂಡೆಲ್ಲಿ. 2010ರಲ್ಲಿ ಇದು ಜಗತ್ತಿನಲ್ಲೆಲ್ಲ ಸುದ್ದಿಯಾದಾಗ ನಮ್ಮವರು ಸಿಡಿದೆದ್ದರು, ರಾಜಧಾನಿಯ ಹೆಸರು ಯಾಕೆ ಇಟ್ರಿ ಅಂತ. ಜೀನ್ ಮೇಲೆ ಯಾರಿಗೂ ಅಷ್ಟು ಸಿಟ್ಟು ಬರಲಿಲ್ಲ, ಪಾಪ.

ಇರಲಿ, ಎರಡು ಮಾತ್ರೆಗೆ ಬಗ್ಗದ ಕೆಮ್ಮು ಆಸ್ಪತ್ರೆ ಸೇರಿತು ಅಂದುಕೊಳ್ಳಿ. ಪರೀಕ್ಷೆಗೆ ಒಂದೇ ಗಂಟೆ ಸಾಕು, ನಿಜ. ಆದರೆ ಯಂತ್ರ ಇರುವುದು ಸಿಟಿಯಲ್ಲಿ. ಸ್ಯಾಂಪಲ್ ಒಯ್ಯುವ ಹುಡುಗ ಬರುವುದು ಸಂಜೆ. ಭಾನುವಾರ ಅವನಿಗೆ ರಜೆ. ವರದಿಗೆ ಸಹಿ ಹಾಕುವ ಮೇಡಂ ಸೋಮವಾರ ಮದುವೆಗೆ ಹೋಗಿದ್ದಾರೆ. ಹೀಗಾಗಿ ಒಂದು ಗಂಟೆಯ ವರದಿ ಮೂರನೇ ದಿನ, ಹಳೆಯ ಕಲ್ಚರ್ ವರದಿಯ ಕೈ ಹಿಡಿದುಕೊಂಡೇ ವಾಟ್ಸಾಪಿಗೆ ಬರುತ್ತದೆ. ಅಷ್ಟರಲ್ಲಿ ಮೆರೊಪೆನೆಮ್ ಡ್ರಿಪ್ ಹತ್ತಿಸಿ ಆಗಿರುತ್ತದೆ.

ವರದಿಯಲ್ಲಿ ಏನಿದೆ? ಬ್ಯಾಕ್ಟೀರಿಯಾ ಪತ್ತೆಯಾಗಿಲ್ಲ. ಇನ್‌ಫ್ಲುಯೆಂಜಾ ಎ ವೈರಸ್ ಇದೆ. ಅಂದರೆ ಬರೀ ಫ್ಲೂ. ಆ್ಯಂಟಿಬಯಾಟಿಕ್‌ಗೆ ಅಲ್ಲಿ ಕೆಲಸವೇ ಇಲ್ಲ.

"ಹಾಗಾದ್ರೆ ಡ್ರಿಪ್ ನಿಲ್ಲಿಸ್ತೀರಾ ಡಾಕ್ಟ್ರೇ?"

"ಶುರು ಮಾಡಿಬಿಟ್ಟಿದೀವಲ್ಲ, ಸೇಫ್ಟಿಗೆ ಇರ್ಲಿ ಬಿಡಿ. ಬೇಕಾದ್ರೆ ಆ ಪರೀಕ್ಷೆನ ಇನ್ನೊಂದ್ಸಲ ಮಾಡಿಸೋಣ."