ವಾಟ್ನಿ ಪತ್ರದಲ್ಲಿ ಇಲ್ಲದ ಆಸ್ತಿ

ಗೋಕಾಕ ಸೀಮೆಯ ಕರದಂಟಿನ ವ್ಯಾಪಾರಿಯೊಬ್ಬರು ಕಳೆದ ತಿಂಗಳು ಬೆಳಗಾವಿಯ ನನ್ನ ಕಚೇರಿಗೆ ಬಂದು ಮೇಜಿನ ಮೇಲೆ ಎರಡು ಡಬ್ಬಿಗಳನ್ನಿಟ್ಟರು. ಎರಡರ ಮೇಲೂ ಅವರ ತಂದೆಯ ಹೆಸರು, ಪೇಟ ಸುತ್ತಿದ ಅದೇ ಭಾವಚಿತ್ರ, ಅದೇ ಕೆಂಪು ಅಂಚು. ಒಂದು ಅವರದು, ಇನ್ನೊಂದು, ಹದಿನೈದು ವರ್ಷಗಳ ಹಿಂದೆ ಬೇರೆಯಾದ ತಮ್ಮನದು. “ವಕೀಲ್ರ, ಅಪ್ಪ ಇಬ್ಬರಿಗೂ ಅಪ್ಪನ ಖರೆ, ಆದ್ರ ಅಂಗಡಿ ಹೆಸರು ನಂದಲ್ಲೇನ್ರಿ?” ಎಂದು ಕೇಳಿದರು. ಅವರ ಒಪ್ಪಿಗೆ ಪಡೆದೇ, ಗುರುತು ಬಿಟ್ಟುಕೊಡದೆ ಇದನ್ನು ಬರೆಯುತ್ತಿದ್ದೇನೆ.

ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡಾಗ ಬರೆಸಿದ ವಾಟ್ನಿ ಪತ್ರವನ್ನು ತರಿಸಿ ಓದಿದೆ. ಹೊಲದ ಸರ್ವೆ ನಂಬರುಗಳು, ಮನೆಯ ಪಡಸಾಲೆ, ಎರಡು ಹಿತ್ತಾಳೆ ಕೊಪ್ಪರಿಗೆ, ಅಂಟು ಕರಿಯುವ ಕಡಾಯಿಗಳು, ತಕ್ಕಡಿ, ಕಡೆಗೆ ಅಂಗಡಿಯ ಮುಂದಿನ ಕಲ್ಲಿನ ಕಟ್ಟೆ ಯಾರಿಗೆ ಎಂಬುದನ್ನೂ ಪಂಚರು ಬರೆಸಿದ್ದರು. ಗಿರಾಕಿಗಳು ಯಾವುದನ್ನು ಹುಡುಕಿಕೊಂಡು ಬರುತ್ತಿದ್ದರೋ ಆ ಹೆಸರಿನ ಬಗ್ಗೆ ಮಾತ್ರ ಒಂದಕ್ಷರವೂ ಇರಲಿಲ್ಲ. ನಮ್ಮ ಭಾಗದ ಮನೆತನದ ವ್ಯಾಪಾರಗಳ ನಿಜವಾದ ತೊಡಕು ಇದೇ ಎಂಬುದು ನನ್ನ ಅಭಿಪ್ರಾಯ. ಅಂಗಡಿಯ ಹೆಸರನ್ನು ನಾವು ಮರ್ಯಾದೆಯ ವಿಷಯವೆಂದು ಕಾಪಾಡುತ್ತೇವೆಯೇ ಹೊರತು ಆಸ್ತಿ ಎಂದು ಕಾಗದಕ್ಕೆ ಇಳಿಸುವುದಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಾದರೋ ಅದನ್ನು ಆಸ್ತಿಯೆಂದೇ ಕಾಣುತ್ತದೆ: ಮಾರಬಹುದು, ಬರೆದುಕೊಡಬಹುದು, ಬಳಸಲು ಪರವಾನಗಿ ಕೊಡಬಹುದು, ಮೃತ್ಯುಪತ್ರದಲ್ಲಿ ಬಿಟ್ಟುಹೋಗಬಹುದು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ‘ಕರದಂಟು’ ಎಂಬ ಪದ ಯಾರ ಸ್ವತ್ತೂ ಅಲ್ಲ, ಆಗಲೂ ಬಾರದು. ಕರಿದ ಅಂಟು ಎಂದು ತಿನಿಸನ್ನೇ ಬಣ್ಣಿಸುವ ಆ ಪದವನ್ನು, ಹಾಗೆಯೇ ಬೆಳಗಾವಿಯ ‘ಕುಂದಾ’ವನ್ನು, ಒಬ್ಬನ ಗುರುತಾಗಿ ನೋಂದಾಯಿಸಲು ಕಾಯ್ದೆಯ 9ನೆಯ ಕಲಮು ಅಡ್ಡಬರುತ್ತದೆ. ಊರಿನ ಹೆಸರಿನೊಂದಿಗೆ ಸರಕಿನ ಗುಣ ಬೆಸೆದುಕೊಂಡಿದ್ದರೆ ಅದಕ್ಕೆ ಭೌಗೋಳಿಕ ಸೂಚಕದ ಬೇರೆ ಕಾಯ್ದೆ ಇದೆ; ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಇಂಡಿಯ ಲಿಂಬೆ ಆ ನೆರಳಿನಲ್ಲಿವೆ, ಮತ್ತು ಆ ಹಕ್ಕು ಇಡೀ ಸೀಮೆಯ ಉತ್ಪಾದಕರಿಗೆ ಸೇರಿದ್ದು. ಜಗಳ ಇರುವುದು ಕರದಂಟಿನ ಹಿಂದೆ ಸೇರಿಕೊಂಡ ಮನೆತನದ ಹೆಸರಿಗೆ.

ಆ ಹೆಸರಿನ ಹಕ್ಕು ಹುಟ್ಟುವುದು ಬಳಕೆಯಿಂದ. ನೋಂದಣಿ ಅದಕ್ಕೆ ಬಲ ಕೊಡುತ್ತದೆ, ಆದರೆ ಮೊದಲಿನಿಂದ ಬಳಸುತ್ತ ಬಂದವನನ್ನು ಅಳಿಸಿಹಾಕುವುದಿಲ್ಲ; 34ನೆಯ ಕಲಮು ಹೇಳುವುದು ಇದನ್ನೇ. ತಿರುನೆಲ್ವೇಲಿಯ ‘ಇರುಟ್ಟುಕಡೈ ಹಲ್ವಾ’ ಪ್ರಕರಣವನ್ನು ನಮ್ಮ ಮಿಠಾಯಿ ಅಂಗಡಿಯವರೆಲ್ಲ ತಿಳಿದಿರಬೇಕು. ಕತ್ತಲೆ ಅಂಗಡಿ ಎಂದು ಜನರೇ ಇಟ್ಟ ಆ ಹೆಸರಿನ ಮುಂದೆ ಊರಿನ ಹೆಸರು ಸೇರಿಸಿ ಬೇರೊಬ್ಬರು ವ್ಯಾಪಾರ ತೆಗೆದರು, ನೋಂದಣಿಯನ್ನೂ ಪಡೆದರು. ನೋಂದಣಿ ಇಬ್ಬರಿಗೂ ಇರಬಹುದು, ಆದರೂ ತನ್ನ ಸರಕನ್ನು ಇನ್ನೊಬ್ಬನ ಸರಕೆಂದು ನಂಬಿಸಿ ಮಾರುವುದನ್ನು ತಡೆಯುವ ‘ಪಾಸಿಂಗ್ ಆಫ್’ ದಾವೆಯಲ್ಲಿ ಮೊದಲು ಬಳಸಿದವನ ಹಕ್ಕೇ ಮೇಲು ಎಂದು ಸುಪ್ರೀಂ ಕೋರ್ಟು 2015ರಲ್ಲಿ ತೀರ್ಪಿತ್ತಿತು. ‘ನಮ್ಮದೇ ಮೂಲ ಅಂಗಡಿ, ಬೇರೆಲ್ಲೂ ಶಾಖೆಗಳಿಲ್ಲ’ ಎಂಬ ಫಲಕಕ್ಕಿಂತ 1970ರ ದಶಕದ ಒಂದು ಕಾರ್ಬನ್ ಬಿಲ್ ಬುಕ್ಕು ನ್ಯಾಯಾಲಯದಲ್ಲಿ ಹೆಚ್ಚು ತೂಗುವುದು ಇದಕ್ಕಾಗಿ.

ಆದರೆ ಅಣ್ಣತಮ್ಮಂದಿರ ವಿಷಯದಲ್ಲಿ ಈ ಆಯುಧ ಎರಡೂ ಕಡೆ ಕೊಯ್ಯುತ್ತದೆ. ಮೊದಲು ಬಳಸಿದವರು ತಂದೆ. ಇಬ್ಬರೂ ಅವರ ಕೈಕೆಳಗೇ ಅಂಟು ಕರಿಯಲು ಕಲಿತವರು. ಹಳೆಯ ಅಂಗಡಿ ಅಣ್ಣನಿಗೆ ಬಂದಿದೆ ನಿಜ, ಆದರೆ ಬಸ್ ನಿಲ್ದಾಣದ ಬಳಿ ತಮ್ಮ ಹದಿನೈದು ವರ್ಷ ಅದೇ ಹೆಸರಿನಲ್ಲಿ ಮಾರುವಾಗ ಇವರು ಸುಮ್ಮನಿದ್ದರು. ಆ ಮೌನವನ್ನು ಎದುರು ವಕೀಲರು ಸಮ್ಮತಿ ಎನ್ನದೆ ಇರಲಾರರು. ಅವರ ಸ್ಥಾನದಲ್ಲಿದ್ದರೆ ನಾನೂ ಹಾಗೆಯೇ ಅನ್ನುತ್ತಿದ್ದೆ.

ಡಬ್ಬಿಯ ಚಿತ್ರದ ಕಥೆ ಇನ್ನೂ ವಿಚಿತ್ರ. ಅದನ್ನು ಬರೆದವರು ಪ್ರಿಂಟಿಂಗ್ ಪ್ರೆಸ್ಸಿನ ಪರಿಚಯದ ಕಲಾವಿದರು. ದುಡ್ಡು ಕೊಟ್ಟಿದ್ದೇವೆ, ಚಿತ್ರ ನಮ್ಮದು ಎಂದು ಅಣ್ಣತಮ್ಮಂದಿರಿಬ್ಬರೂ ನಂಬಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಮೂಲ ನಿಯಮದಂತೆ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನು; ಸಂಬಳದ ನೌಕರಿಯಲ್ಲಿದ್ದು ಮಾಡಿದ್ದು, ಹಣ ಕೊಟ್ಟು ಬರೆಸಿದ ಭಾವಚಿತ್ರದಂಥದ್ದು ಇದಕ್ಕೆ ಅಪವಾದ. ಪೇಟದ ಚಿತ್ರ ಈ ಅಪವಾದಕ್ಕೆ ಸೇರಿದರೂ, ಅಕ್ಷರ, ಅಂಚು, ಹೂಬಳ್ಳಿ ಕೂಡಿದ ಇಡೀ ವಿನ್ಯಾಸ ಸೇರುತ್ತದೆಯೇ ಎಂಬುದು ವಾದಕ್ಕೆ ಬಿಟ್ಟದ್ದು. ಕಲಾವಿದರು ಹಕ್ಕು ಬರೆದುಕೊಟ್ಟು ಸಹಿ ಮಾಡಿದ ಒಂದು ಹಾಳೆಯಿದ್ದರೆ ಈ ವಾದವೇ ಏಳುತ್ತಿರಲಿಲ್ಲ. ಆ ಹಾಳೆಯಲ್ಲಿಯೂ ಅವಧಿ ನಮೂದಿಸದಿದ್ದರೆ ಹಕ್ಕು ಐದೇ ವರ್ಷಕ್ಕೆ ಸಿಕ್ಕಿದೆ ಎಂದು ಕಾಯ್ದೆ ಭಾವಿಸುತ್ತದೆ. ಇದು ಅನೇಕ ವಕೀಲರಿಗೂ ನೆನಪಿರುವುದಿಲ್ಲ. ಅಂದ ಹಾಗೆ ಎರಡೂ ಡಬ್ಬಿಗಳ ಮೇಲೆ ವೃತ್ತದೊಳಗಿನ ‘ಆರ್’ ಗುರುತು ಇತ್ತು. ನೋಂದಣಿ ಇಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ ಎಂದಾಗ ವ್ಯಾಪಾರಿ ತಮ್ಮ ಡಬ್ಬಿಯನ್ನು ಮೆಲ್ಲಗೆ ಕೈಚೀಲಕ್ಕೆ ಸೇರಿಸಿದರು.

ಅವರನ್ನು ನನ್ನವರೆಗೆ ಕರೆತಂದದ್ದು ವೆಬ್‌ಸೈಟು. ತಮ್ಮನ ಮಗ ಮೂರು ವರ್ಷಗಳ ಹಿಂದೆ ಅಜ್ಜನ ಹೆಸರಿಗೆ ‘ಡಾಟ್ ಇನ್’ ಹಚ್ಚಿ ಡೊಮೇನ್ ಕೊಂಡ. ಪುಣೆ, ಬೆಂಗಳೂರಿನ ಹಳೆಯ ಗಿರಾಕಿಗಳ ಆರ್ಡರುಗಳು ಈಗ ಅಲ್ಲಿಗೆ ಹೋಗುತ್ತಿವೆ. ಡೊಮೇನ್ ಹೆಸರು ಬರಿಯ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು ಎಂದು ಸುಪ್ರೀಂ ಕೋರ್ಟು 2004ರಲ್ಲಿಯೇ, ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಆರಂಭವಾದ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿದೆ. ‘ಡಾಟ್ ಇನ್’ ತಂಟೆಗಳಿಗೆ, ಆ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಮಧ್ಯಸ್ಥಿಕೆಯ ದಾರಿಯೂ ಇದೆ. ಆದರೆ ಅಲ್ಲಿ ಹೆಸರು ಒಂದೇ ಎಂದು ತೋರಿಸಿದರೆ ಸಾಲದು. ಎದುರಿನವನಿಗೆ ಆ ಹೆಸರಿನಲ್ಲಿ ನ್ಯಾಯವಾದ ಹಿತವಿಲ್ಲ, ಅವನದು ದುರುದ್ದೇಶ ಎಂದೂ ತೋರಿಸಬೇಕು. ಮೊಮ್ಮಗ ಅಜ್ಜನ ಹೆಸರಿನಲ್ಲಿ ಅಜ್ಜನ ತಿನಿಸನ್ನೇ ಮಾರಿದರೆ ಅದನ್ನು ದುರುದ್ದೇಶ ಎನ್ನಲು ನನಗೇ ನಾಲಗೆ ತಡವರಿಸುತ್ತದೆ.

ಹೀಗಾಗಿ ದಾವೆಗೆ ಮೊದಲು ರಾಜಿ ಸಂಧಾನಕ್ಕೆ ಕೂತು, ವಾಟ್ನಿಯಲ್ಲಿ ಬಿಟ್ಟುಹೋದ ಒಂದು ಪುಟವನ್ನು ಈಗಲಾದರೂ ಬರೆಯಿರಿ ಎಂದಿದ್ದೇನೆ: ಹೆಸರು ಇಬ್ಬರ ಜಂಟಿ ಒಡೆತನದಲ್ಲಿ, ಡಬ್ಬಿಗಳ ಬಣ್ಣ ಬೇರೆ, ವೆಬ್‌ಸೈಟಿನಲ್ಲಿ ಎರಡೂ ಅಂಗಡಿಗಳ ವಿಳಾಸ. ಹೆಸರಿನ ನೋಂದಣಿಗೆ, ವ್ಯಕ್ತಿಗಳಿಗಾದರೆ, ಆನ್‌ಲೈನ್ ಅರ್ಜಿಯ ಶುಲ್ಕ 4,500 ರೂಪಾಯಿ. ನೋಂದಣಿ ಹತ್ತು ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು. ಅರ್ಜಿಯೊಂದಿಗೆ ಎಂದಿನಿಂದ ಬಳಕೆಯಲ್ಲಿದೆ ಎಂಬುದಕ್ಕೆ ದಾಖಲೆ ಬೇಕು, ತಂದೆಯ ಕಾಲದ ಬಿಲ್ ಬುಕ್ಕುಗಳನ್ನು ತನ್ನಿರಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವು ತಮ್ಮನ ಮನಿ ಅಟ್ಟದ ಮ್ಯಾಲ ಅದಾವ್ರಿ” ಎಂದರು.