ಕಸದ ಬುಟ್ಟಿಗೆ ಬಿದ್ದ ಕ್ಲಾಂಪು

ಪಕ್ಕದ ಮನೆ ಅಜ್ಜನ ಗ್ಯಾರೇಜಿನಲ್ಲಿ ನಾನು ಮಾಡಿದ ಮೊದಲ ಸಹಾಯವೇ ಅಪರಾಧವಾಯಿತು. ಅವರ 1969ರ ಷೆವ್ರೊಲೆ ಕೆಮರೊ ಕಾರಿಗೆ ರೇಡಿಯೇಟರ್ ಪೈಪು ಬದಲಿಸುತ್ತಿದ್ದೆವು. ಪೈಪಿಗೆ ಬಿಗಿದಿದ್ದ ಕ್ಲಾಂಪು ತುಕ್ಕು ಹಿಡಿದಿತ್ತು. ನಾನು ಅಂಗಡಿಯಿಂದ ಹೊಸದೊಂದು ತಂದಿದ್ದೆ, ಫಳಫಳ ಹೊಳೆಯುತ್ತಿತ್ತು. ಹಳೆಯದನ್ನು ಕಸದ ಬುಟ್ಟಿಗೆ ಎಸೆದೆ. ಅಜ್ಜ ಏನೂ ಅನ್ನಲಿಲ್ಲ. ಬಗ್ಗಿ, ಬಾಳೆಹಣ್ಣಿನ ಸಿಪ್ಪೆ ಸರಿಸಿ, ಅದನ್ನು ಎತ್ತಿ, ಅಂಗಿಗೆ ಒರೆಸಿ ಜೇಬಿಗೆ ಹಾಕಿಕೊಂಡರು. ಕೈಜಾರಿ ಬಿದ್ದ ಸಾಲಿಗ್ರಾಮ ಎತ್ತಿಕೊಂಡ ಹಾಗಿತ್ತು.

ಆಮೇಲೆ ಭೂತಗನ್ನಡಿ ಕೊಟ್ಟು ತೋರಿಸಿದರು. ಅದು ಟವರ್ ಕ್ಲಾಂಪು. ತಿರುಪು ಕೂರುವ ಜಾಗ ಪುಟ್ಟ ಗೋಪುರದ ಹಾಗೆ ಎದ್ದು ನಿಂತಿರುತ್ತದೆ. ಪಟ್ಟಿಯ ಮೇಲೆ ಶಿಕಾಗೋದ ವಿಟೆಕ್ ಕಂಪನಿಯ ಹೆಸರು, ತುಕ್ಕಿನ ಒಳಗಿಂದ ಇಣುಕುತ್ತಿತ್ತು. ಇದರ ನಕಲು ಈಗಲೂ ಸಿಗುತ್ತದಂತೆ. ‘ಆದರೆ ಇದು ಈ ಗಾಡಿಯ ಜೊತೆಗೇ ಹುಟ್ಟಿದ್ದು’ ಅಂದರು ಅಜ್ಜ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ನಾನು ಮಿಷಿಗನ್‌ಗೆ ಬಂದಿದ್ದು ಸಾಫ್ಟ್‌ವೇರ್ ಕೆಲಸಕ್ಕೆ. ಕಾರು ಅಂದರೆ ನಾಲ್ಕು ಚಕ್ರ ಮತ್ತು ತಿಂಗಳ ಕಂತು, ಅಷ್ಟೇ ಗೊತ್ತಿದ್ದದ್ದು. ಮಸಲ್ ಕಾರಿನ, ಅಂದರೆ ಭಾರಿ ಎಂಜಿನ್ನಿನ ಇಂಥ ಗಾಡಿಗಳ, ಕತೆಯನ್ನೂ ಅಜ್ಜನೇ ಹೇಳಿದ್ದು. 1964ರಲ್ಲಿ ಪಾಂಟಿಯಾಕ್ ಜಿಟಿಒ ಬಂತು. ಮಧ್ಯಮ ಗಾತ್ರದ ಮೈ, ಅದಕ್ಕೆ ದೊಡ್ಡ ಕಾರಿನ ಎಂಜಿನ್. ಹುಡುಗರು ಹುಚ್ಚೆದ್ದರು. ಆದರೆ ಆ ಜಾತ್ರೆ ಹತ್ತು ವರ್ಷವೂ ನಡೆಯಲಿಲ್ಲ. ವಿಮೆ ದುಬಾರಿಯಾಯಿತು, ಹೊಗೆಯ ಕಾನೂನು ಬಂತು, 1973ರಲ್ಲಿ ಪೆಟ್ರೋಲಿಗೇ ಬರ ಬಂತು.

ಅಂಥ ಗಾಡಿಯನ್ನು ಮೊದಲಿದ್ದ ಹಾಗೇ ಮಾಡಲು ಹೊರಟರೆ ಬಾಗಿಲು, ಬಾನೆಟ್ಟು ಹುಡುಕುವುದು ಸುಲಭ. ಜೀವ ತಿನ್ನುವುದು ಬೋಲ್ಟು, ಕ್ಲಿಪ್ಪು, ಬಲ್ಬು. ಹಾಗೆ ಹುಡುಕಿ ತಂದದ್ದಕ್ಕೆ ಜಾತಕವನ್ನೂ ನೋಡಬೇಕು. ಸುಮ್ನೆ ಹೇಳುತ್ತಿಲ್ಲ. ಅಜ್ಜನ ಕಾರಿನ ತಗಡಿನ ಪಟ್ಟಿಯಲ್ಲಿ 04ಬಿ ಅಂತಿದೆ. ಅಂದರೆ ಏಪ್ರಿಲ್ ಎರಡನೇ ವಾರದ ಗಾಡಿ. ಎಂಜಿನ್ನಿನ ಎರಕದಲ್ಲಿ ಸಿ-14-9 ಅಂತಿದೆ. ಸಿ ಅಂದರೆ ಮೂರನೇ ತಿಂಗಳು, ಹದಿನಾಲ್ಕನೇ ತಾರೀಖು, 69ನೇ ಇಸವಿ. ಸರಿ, ಗಾಡಿಗಿಂತ ಒಂದು ತಿಂಗಳು ದೊಡ್ಡದು, ಕೂಡಿಬಂತು. ಅದೇ ಮೇ ತಿಂಗಳದ್ದಾಗಿದ್ದರೆ ಮುಗೀತು, ಮದುವೆ ಆದ ಮೇಲೆ ವರ ಹುಟ್ಟಿದ ಹಾಗೆ. ಫೋರ್ಡಿನವರದು ಬೇರೆಯೇ ಪಂಚಾಂಗ. ಬಿಡಿಭಾಗದ ನಂಬರು ಸಿ9ಜಡ್‌ಜಡ್ ಅಂತ ಶುರುವಾದರೆ ಸಿ ಅಂದರೆ ಅರವತ್ತರ ದಶಕ, 9 ಅಂದರೆ 69, ಮೊದಲ ಜಡ್ ಅಂದರೆ ಮಸ್ಟಾಂಗ್. ಕ್ರೈಸ್ಲರ್ ಗಾಡಿಗಳದು ಇನ್ನೂ ಮಜಾ. ಯಾವ ಗಾಡಿಗೆ ಏನೇನು ಹಾಕಬೇಕು ಅಂತ ಬರೆದ ಕಾರ್ಖಾನೆಯ ಚೀಟಿ, ಎಷ್ಟೋ ಸಲ ಸೀಟಿನ ಸ್ಪ್ರಿಂಗುಗಳ ನಡುವೆ ಸಿಕ್ಕಿಕೊಂಡೇ ಉಳಿದಿರುತ್ತದೆ.

ಅಕ್ಟೋಬರ್‌ನಲ್ಲಿ ಅಜ್ಜ ನನ್ನನ್ನು ಪೆನ್ಸಿಲ್ವೇನಿಯಾದ ಹರ್ಷಿಗೆ ಕರೆದುಕೊಂಡು ಹೋದರು. ಹೌದು, ಚಾಕಲೇಟಿನ ಊರೇ. 1955ರಿಂದ ಅಲ್ಲಿ ಹಳೇ ಕಾರಿನವರ ಸಂತೆ ಸೇರುತ್ತದೆ. ನಮ್ಮ ಗುಜರಿ ಅಂಗಡಿಗಳನ್ನೆಲ್ಲ ಒಂದೇ ಬಯಲಿಗೆ ಸುರಿದ ಹಾಗಿತ್ತು. ಒಂದು ಮೇಜಿನ ಮೇಲೆ ಹೆಡ್‌ಲೈಟುಗಳಿದ್ದವು. ಗಾಜಿನ ಮಧ್ಯೆ ತ್ರಿಕೋನ, ಅದರೊಳಗೆ ಟಿ-3 ಅಂತ ಬರಹ. ಹಳೇ ಜನರಲ್ ಮೋಟರ್ಸ್ ಗಾಡಿಗಳ ಗುರುತು ಅದು. ಒಂದಕ್ಕೆ ಹೇಳಿದ ಬೆಲೆ ಕೇಳಿ ನಾನು ವಾಪಸ್ ಇಟ್ಟೆ, ಎರಡೂ ಕೈಯಿಂದ. ಬೋಲ್ಟುಗಳು ಹುಣಸೆಬೀಜದ ಹಾಗೆ ಡಬ್ಬದಲ್ಲಿ ಸುರಿದಿದ್ದವು. ತಲೆಯ ಮೇಲೆ ಮೂರು ಗೆರೆ ಇದ್ದರೆ ಗಟ್ಟಿತನದಲ್ಲಿ ಐದನೇ ದರ್ಜೆ, ಆರು ಗೆರೆ ಇದ್ದರೆ ಎಂಟನೇ ದರ್ಜೆ. ಗೆರೆಗಳ ಜೊತೆ ತಯಾರಕರ ಅಕ್ಷರ, ಟಿಆರ್ ಅಂತಲೋ ಆರ್‌ಬಿಡಬ್ಲ್ಯು ಅಂತಲೋ. ಅಜ್ಜ ಎರಡು ಗಂಟೆ ಕೂತು ಆರಿಸಿದರು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ. ಸಿಕ್ಕಿದ್ದು ನಾಲ್ಕು. ನಾನು ಜಾಣತನ ಮಾಡಿ ‘ಹಳೇ ಸ್ಟಾಕು, ಡಬ್ಬಿ ಕೂಡ ಬಿಚ್ಚಿಲ್ಲ’ ಅಂದವನ ಹತ್ತಿರ ಒಂದು ಸ್ವಿಚ್ಚು ಕೊಂಡೆ. ಡಬ್ಬಿ ಹಳೆಯದೇ, ಸುಳ್ಳಲ್ಲ. ಒಳಗಿದ್ದದ್ದು ಮೊನ್ನೆಮೊನ್ನೆಯದು.

ನನಗೆ ತಲೆ ಕೆಟ್ಟಿದ್ದು ಇದಕ್ಕೂ ಅಲ್ಲ. ಹಳೇ ಕಾರುಗಳ ಪ್ರದರ್ಶನದ ತೀರ್ಪುಗಾರರು ಗಾಡಿ ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು ಅನ್ನುತ್ತಾರೆ. ಕಾರ್ಖಾನೆಯಿಂದ ಬಂದಾಗ ಏನಿತ್ತು? ಅವಸರ ಇತ್ತು. ಸೋರಿದ ಬಣ್ಣ ಇತ್ತು. ತಪಾಸಣೆ ಮಾಡಿದವನು ಬಳಪದಲ್ಲಿ ಗೀಚಿದ ಗುರುತಿತ್ತು. ಅವೂ ಬೇಕು. ತಪ್ಪನ್ನೂ ಸರಿಯಾಗಿಯೇ ಮಾಡಬೇಕು.

ಅಜ್ಜ ಇಪ್ಪತ್ತರ ಹರೆಯದಲ್ಲಿ ಒಂದು ಕಾರ್ಖಾನೆಯಲ್ಲಿ ಇದೇ ತಪಾಸಣೆಯ ಕೆಲಸದಲ್ಲಿದ್ದವರು. ಗಾಡಿ ಮುಂದೆ ಸರಿಯುತ್ತಿರುವಾಗಲೇ ಹಳದಿ ಬಳಪದಲ್ಲಿ ಸರ್ರನೆ ಒಂದು ಗೀಟು ಎಳೆಯುತ್ತಿದ್ದರಂತೆ, ನೋಡದೆಯೇ. ಒಂದು ದಿನ ಗ್ಯಾರೇಜಿನಲ್ಲಿ ಅದೇ ಗೀಟು ಎಳೆಯಲು ಕನ್ನಡಕ ಹಾಕಿಕೊಂಡರು. ಉಸಿರು ಬಿಗಿಹಿಡಿದರು. ಗೀಟು ನೆಟ್ಟಗೆ ಬಂತು. ‘ಚೆನ್ನಾಗಿ ಬಂದುಬಿಡ್ತು’ ಅಂತ ಬೇಜಾರಿನಿಂದ ಒರೆಸಿದರು. ಮತ್ತೆ ಎಳೆದರು, ಕೈ ನಡುಗಿತು. ಅದೂ ಬೇಡ, ಅದು ಮುದುಕನ ಗೀಟು. ಐದನೇ ಸಲಕ್ಕೆ ಬಳಪ ನನ್ನ ಕೈಗಿತ್ತು ‘ನೀನೇ ಎಳಿ, ನಿನಗೆ ಇದರ ಗೊಡವೆ ಇಲ್ಲ ಅಲ್ವಾ’ ಅಂದರು. ಎಳೆದೆ. ಈಗ ಅದು ಅಲ್ಲೇ ಇದೆ.

ಹರ್ಷಿಯಿಂದ ಮನೆಗೆ ಬಂದು ನಾಲ್ಕು ಬೋಲ್ಟಿನ ಬೆಲೆ ಹೇಳಿದಾಗ ಹೆಂಡತಿ ನಕ್ಕಿದ್ದೇ ನಕ್ಕಿದ್ದು. ‘ತುಕ್ಕಿಗೂ ಇಷ್ಟು ದುಡ್ಡಾ? ನಿಮಗಿಬ್ಬರಿಗೂ ತಲೆ ನೆಟ್ಟಗಿಲ್ಲ.’ ಇರಬಹುದು ಅಂದೆ. ಮುಂದಿನ ವಾರ ನಾನು ಊರಿಗೆ ಹೊರಟಿದ್ದೆ. ತರಬೇಕಾದ ಸಾಮಾನಿನ ಚೀಟಿ ಕೊಟ್ಟಳು. ಹುರಿಗಾಳು, ಸಾರಿನ ಪುಡಿ, ಅಪ್ಪೆಮಿಡಿ. ಕೊನೆಗೆ, ಅಡಿಗೆರೆ ಎಳೆದು: ‘ಕುಕ್ಕರ್ ಗ್ಯಾಸ್ಕೆಟ್. ಒರಿಜಿನಲ್ಲೇ ಆಗಬೇಕು. ಹಳೇದರ ಮೇಲಿರೋ ನಂಬರ್ ಫೋಟೋ ತೆಗೆದುಕೊಂಡು ಹೋಗಿ.’